ಬಜ್ಪೆಗೆ ಮೂರು ಸಲ

ಶಂಕರಪುರದಿಂದ ಬಜ್ಪೆಗೆ ಐವತ್ತು ಕಿಲೋಮೀಟರು.
ಹೆಜಮಾಡಿಯ ಟೋಲು, ಮುಲ್ಕಿಯ ಸೇತುವೆ,
ಕಿನ್ನಿಗೋಳಿ ಪೇಟೆಯಲ್ಲಿ ಮದುವೆ ಬಸ್ಸೊಂದು ಅಡ್ಡ ನಿಂತರೆ
ಎರಡು ಗಂಟೆ.
ಬಜ್ಪೆಯಿಂದ ದುಬೈಗೆ ಎರಡು ಸಾವಿರದ ನಾನೂರು ಚಿಲ್ಲರೆ,
ಮೂರೂವರೆ ಗಂಟೆ.
ಈ ಲೆಕ್ಕ ನನ್ನ ತಲೆಯಲ್ಲಿ ಇನ್ನೂ ಸರಿಯಾಗಿ ಕೂತಿಲ್ಲ.
ಹನ್ನೊಂದು ವರ್ಷದಿಂದ ಮಲ್ಲಿಗೆಯ ಪಿಕಪ್ ಓಡಿಸುತ್ತೇನೆ,
ಕಾರ್ಗೋ ಗೇಟಿನವರೆಗೆ ನನ್ನ ಲೋಕ,
ಅದರಾಚೆಗೆ ರಸೀದಿಯ ಲೋಕ.

ಎಸ್ತೆಲ್ಲ ಬಾಯಮ್ಮನ ಜಗಲಿಯಲ್ಲಿ
ಬೆಳಕು ಹರಿಯುವ ಮೊದಲೇ ಕೊಯ್ದ ಮೊಗ್ಗಿನ ರಾಶಿ,
ಒದ್ದೆ ಬಟ್ಟೆಯ ಮೇಲೆ.
ಬಾಳೆನಾರು ಸುತ್ತುವ ಅವರ ಬೆರಳು
ಯಾವಾಗ ಗಂಟು ಹಾಕಿತೆಂದು ನಾನು ಒಮ್ಮೆಯೂ ಕಂಡಿಲ್ಲ.
ನಾಲ್ಕು ಚೆಂಡಿಗೆ ಒಂದು ಅಟ್ಟೆ,
ಬಾಳೆಎಲೆಯ ಹೊದಿಕೆ, ಪೆಟ್ಟಿಗೆ, ಐಸು.

"ದುಬೈ ಎಷ್ಟು ದೂರ ಮಾರಾಯಾ?"
ಕೇಳಿದರು ಒಂದು ದಿನ, ತಲೆ ಎತ್ತದೆ.
ಹೇಳಿದೆ.
"ಕಿಲೋಮೀಟರು ಯಾರಿಗೆ ಬೇಕು, ಮೊಳದಲ್ಲಿ ಹೇಳು.
ನಾನು ಕಟ್ಟಿದ್ದೆಲ್ಲ ಬಿಡಿಸಿ ಹಾಸಿದರೆ ಮುಟ್ಟುತ್ತದಾ?"

ರಸೀದಿಯ ಹಿಂಬದಿಯಲ್ಲಿ ಗೀಚುತ್ತಾ ಕೂತೆ.
ದಿನಕ್ಕೆ ಮೂವತ್ತು ಮೊಳ,
ವರ್ಷಕ್ಕೆ ಮುನ್ನೂರು ದಿನ
(ಜ್ವರದ ದಿನ, ಮಳೆ ಹೂವನ್ನು ಕರಗಿಸಿದ ದಿನ,
ಇಗರ್ಜಿಯ ದಿನ ಬಿಟ್ಟು),
ನಲವತ್ತು ವರ್ಷ.
ನೂರ ಅರುವತ್ತೆರಡು ಕಿಲೋಮೀಟರು.
"ಬಜ್ಪೆಗೆ ಮೂರು ಸಲ, ಬಾಯಮ್ಮ.
ಮೇಲೆ ಉಚ್ಚಿಲದವರೆಗೆ ಸ್ವಲ್ಪ."

"ಅಷ್ಟೇಯಾ?"
ಬೆರಳು ಒಂದು ಗಳಿಗೆ ನಿಂತಿತು.
"ಕಡಲಿಗೆ ನೇರ ಬಿಟ್ಟರೆ?"
"ಎಲ್ಲೋ ನಡುನೀರಲ್ಲಿ ತುದಿ ತೇಲುತ್ತದೆ."
"ತೇಲಲಿ. ಉಳಿದದ್ದನ್ನು ವಿಮಾನ ಕಟ್ಟಲಿ,"
ಎಂದರು, ಮತ್ತೊಂದು ನಾರು ಸೀಳಿದರು.

ಮೂರಕ್ಕೆ ಎದ್ದ ವಿಮಾನ ಇಳಿಯುವಾಗ
ನಮಗೆ ಆರೂವರೆ, ಅಲ್ಲಿ ಐದು.
ಒಂದೂವರೆ ಗಂಟೆ ಲಾಭ ಎನ್ನುತ್ತಾರೆ
ದೇರಾದಲ್ಲಿ ಹೂವಿನಂಗಡಿ ಇಟ್ಟ ಇಸುಬಾಕ.
ಮೊಗ್ಗು ಆ ಲಾಭವನ್ನು ಒಪ್ಪುವುದಿಲ್ಲ.
ಮರಳಿನ ಮೇಲೆ ಬಿಸಿಲು ಇನ್ನೂ ನೆಟ್ಟಗಿರುವಾಗಲೇ
ಅದು ಶಂಕರಪುರದ ಸಂಜೆಗೆ
ತುಟಿ ಬಿಚ್ಚುತ್ತದೆ.

ಕಳೆದ ತುಲಾ ತಿಂಗಳಲ್ಲಿ ಒಂದು ದಿನ
ಮೋಡ ಗುಡ್ಡದ ಮೇಲೆ ಬಂದು ಕೂತಿತು, ಏಳಲೇ ಇಲ್ಲ.
ವಿಮಾನ ನಾಲ್ಕಕ್ಕೆ, ಆಮೇಲೆ ಆರಕ್ಕೆ,
ಆಮೇಲೆ ಬೋರ್ಡಿನಲ್ಲಿ ಬರೀ ಗೆರೆ.
ಅತ್ತಲಿಂದ ಇಸುಬಾಕನ ಫೋನು:
ರಾತ್ರಿ ನಿಖಾ ಉಂಟು, ಮದುಮಗಳ ಜಡೆಗೆ ಕಾಯುತ್ತಿದ್ದಾರೆ.
ಶೆಡ್ಡಿನಲ್ಲಿ ಬಂಗುಡೆಯ ಪೆಟ್ಟಿಗೆಗಳ ಪಕ್ಕ
ನಮ್ಮ ಹನ್ನೆರಡು ಪೆಟ್ಟಿಗೆ.
ಏಳು ದಾಟಿತು.

ಮೊದಲು ಗೊತ್ತಾದದ್ದು ಲೋಡರ್ ನೋಣಯ್ಯನಿಗೆ.
ಬೀಡಿ ತೆಗೆದವ ಹಚ್ಚದೆ ಜೇಬಿಗೆ ಹಾಕಿದ.
"ಯಾರೋ ಬಂದ ಹಾಗಾಯ್ತಲ್ಲ?"
ಯಾರೂ ಬಂದಿರಲಿಲ್ಲ.
ಟೇಪು ಸುತ್ತಿದ ಪೆಟ್ಟಿಗೆಗಳೊಳಗೆ
ಸಾವಿರ ಸಾವಿರ ಮೊಗ್ಗು
ಗೋಡೆಯ ಗಡಿಯಾರವನ್ನು ಕೇಳದೆ
ಅರಳಿಬಿಟ್ಟಿದ್ದವು.
ಬಂಗುಡೆ ಸುಮ್ಮನಾಯಿತು.
ಕಸ್ಟಮ್ಸಿನ ಹುಡುಗ ಪೆನ್ನು ಹಿಡಿದವ ಹಿಡಿದ ಹಾಗೇ.

ಎಂಟು ನಲವತ್ತಕ್ಕೆ ಹೋಯಿತು ವಿಮಾನ.
ಮರುದಿನ ಇಸುಬಾಕ ಬೈಯಲಿಲ್ಲ, ಅದೇ ಕಷ್ಟವಾಯಿತು.
"ಹೂ ಬಂತು," ಎಂದರು,
"ಪರಿಮಳ ಅಲ್ಲೇ ಇಳಿದಿದೆ, ನೋಡು."
ಬಾಯಮ್ಮನಿಗೆ ಅರ್ಧ ಹಣ ಕೊಟ್ಟೆ,
ಎಣಿಸದೆ ಸೆರಗಿನ ತುದಿಗೆ ಕಟ್ಟಿಕೊಂಡರು.

ಆ ರಾತ್ರಿ ಖಾಲಿ ಪಿಕಪ್ಪಿನಲ್ಲಿ ಹಿಂದೆ ಬರುವಾಗ
ಹೆಜಮಾಡಿಯ ಟೋಲಿನ ಹುಡುಗಿ
ಚಿಲ್ಲರೆ ಕೊಡಲು ಕೈ ಚಾಚಿದವಳು
ಕಿಟಕಿಯಿಂದ ಮುಖವನ್ನೂ ಹೊರಗೆ ತಂದಳು.
"ಮಲ್ಲಿಗೆ ಉಂಟಾ ಅಣ್ಣ, ಒಂದು ಮೊಳ?"
"ಇಲ್ಲ ತಂಗಿ, ದುಬೈಗೆ ಹೋಯಿತು," ಎಂದೆ.
ಅವಳು ನನ್ನ ಅಂಗಿಯನ್ನು ನೋಡಿದಳು,
ಹಿಂದಿನ ಬರಿದಾದ ಡೆಕ್ಕನ್ನು ನೋಡಿದಳು,
ನಂಬಲಿಲ್ಲ.
ಹಿಂದಿನ ಲಾರಿ ಹಾರ್ನು ಹೊಡೆಯುವವರೆಗೆ
ಗೇಟು ಎತ್ತಲಿಲ್ಲ.